ಅಪ್ಪಯ್ಯನ ಪ್ರಾಸ್ಟೇಟ್ ದೊಡ್ಡದಾಗಿದೆಯಂತೆ, ಒಳಗೆ ಏನಾಗಿರತ್ತೆ?

ತೋಟದಮನೆ, ತೀರ್ಥಹಳ್ಳಿ
ಅಪ್ಪಯ್ಯಂಗೆ 68. ಈ ಮಳೆಗಾಲ ಪೂರ್ತಿ ರಾತ್ರಿ ನಾಲ್ಕೈದು ಸಲ ಏಳ್ತಿದ್ರು, ಎದ್ದು ಹೋದ್ರೂ ಹನಿ ಹನಿ ಅಷ್ಟೆ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದ್ವಿ, ಪ್ರಾಸ್ಟೇಟ್ 52 ಗ್ರಾಂ ಇದೆ, ಕ್ಯಾನ್ಸರ್ ಅಲ್ಲ ಅಂದ್ರು. ಟ್ಯಾಮ್ಸುಲೋಸಿನ್, ಡುಟಾಸ್ಟರೈಡ್ ಎರಡೂ ಕೊಟ್ಟಿದಾರೆ. ಎರಡು ತಿಂಗಳಾಯ್ತು, ಗಡ್ಡೆ ಕರಗಿಲ್ವಲ್ಲ ಇನ್ನು ಗುಳಿಗೆ ಬೇಡ ಅಂತ ಹಠ. ಬೆಳೀತಾನೇ ಇರೋದನ್ನ ಕ್ಯಾನ್ಸರ್ ಅಲ್ಲ ಅಂತ ಹೇಗೆ ಹೇಳ್ತಾರೆ?

ಸಾಗರದವಳು
ನಾನು ಪೆಥಾಲಜಿ ಲ್ಯಾಬಲ್ಲಿ ಇರೋಳು, ಇಂಥ ಸ್ಲೈಡ್ ತುಂಬಾ ನೋಡಿದೀನಿ. ಮೂತ್ರನಾಳ ಪ್ರಾಸ್ಟೇಟ್ ಮಧ್ಯದಲ್ಲೇ ಹಾದುಹೋಗತ್ತೆ, ಈ ಊತ ಶುರುವಾಗೋದು ನಾಳದ ಅಕ್ಕಪಕ್ಕದ ಭಾಗದಲ್ಲಿ, ಕ್ಯಾನ್ಸರ್ ಹೆಚ್ಚಾಗಿ ಬರೋದು ಹೊರ ಅಂಚಲ್ಲಿ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಅಲ್ಲಿ 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವದಿಂದ ಡಿಎಚ್‌ಟಿ ಅನ್ನೋ ಹಾರ್ಮೋನ್ ಆಗತ್ತೆ, ಅದು ಗ್ರಂಥಿ ನಡುವಿನ ಸ್ನಾಯು-ನಾರಿನ ಜೀವಕೋಶಗಳಿಗೆ ಸೇರಿದ್ರೆ ಅವು ಬೆಳವಣಿಗೆ ಸಂಕೇತ ಹೊರಡಿಸ್ತವೆ, ಪಕ್ಕದ ಕೋಶಗಳೂ ಹೆಚ್ಚಾಗ್ತವೆ. ವಯಸ್ಸಾದ ಮೇಲೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇಳಿದ್ರೂ ಗ್ರಂಥಿ ಒಳಗೆ ಡಿಎಚ್‌ಟಿ ಮಾತ್ರ ಉಳ್ಕೊಂಡಿರತ್ತೆ. ಇನ್ನೊಂದು, ಸಾಯಬೇಕಾದ ಹಳೇ ಕೋಶಗಳು ಸರಿಯಾಗಿ ಸಾಯಲ್ಲ. ಹಳೇ ಅಡಿಕೆ ಮರ ಕಡೀದೆ ಬಸಿಗಾಲುವೆ ಬದಿಗೆ ಸಸಿ ನೆಡ್ತಾ ಹೋದ್ರೆ ಕಾಲುವೆ ಕಿರಿದಾಗಲ್ವಾ, ಹಾಗೆ. ಆದ್ರೆ ಇಲ್ಲಿ ಪ್ರಾಸ್ಟೇಟ್ ಒಳಗಿನ ಪುಟ್ಟ ಪುಟ್ಟ ಗ್ರಂಥಿಗಳ ಸುತ್ತ ಇರೋ ಬೇಸಲ್ (ತಳದ) ಕೋಶದ ಪದರ ಹಾಗೇ ಇರತ್ತೆ, ಕ್ಯಾನ್ಸರಲ್ಲಿ ಅದು ಹೋಗ್ಬಿಡತ್ತೆ. ಬಯಾಪ್ಸಿ ಮಾಡಿದ್ರೆ ನಾವು ಮೊದ್ಲು ಹುಡುಕೋದೇ ಅದನ್ನ.

ಹೊಸನಗರ ಭಟ್ಟ
ಗುಳಿಗೆ ಬಿಡಿಸಬೇಡಿ ಮಾರಾಯ್ರೆ. ಟ್ಯಾಮ್ಸುಲೋಸಿನ್ ಸ್ನಾಯು ಸಡಿಲ ಮಾಡತ್ತೆ, ಕೆಲವೇ ದಿನದಲ್ಲಿ ಗೊತ್ತಾಗತ್ತೆ. ಡುಟಾಸ್ಟರೈಡ್ ಡಿಎಚ್‌ಟಿ ಆಗೋದನ್ನೇ ತಡೆಯೋದು, ಗ್ರಂಥಿ ಕುಗ್ಗಕ್ಕೆ ಆರು ತಿಂಗಳಾದ್ರೂ ಬೇಕು. ಪಿಎಸ್‌ಎ, ಅಂದ್ರೆ ಪ್ರಾಸ್ಟೇಟ್‌ಗೆ ಅಂತ ಮಾಡೋ ರಕ್ತ ಪರೀಕ್ಷೆಯ ಅಂಕಿ, ಸುಮಾರು ಅರ್ಧಕ್ಕೆ ಇಳಿಯತ್ತೆ, ಹಾಗಾಗಿ ಮುಂದೆ ಯಾವ ಡಾಕ್ಟರ್ ಹತ್ರ ಹೋದ್ರೂ ಈ ಗುಳಿಗೆ ತಗೊಳ್ತಿದಾರೆ ಅಂತ ಹೇಳಿ. ಮತ್ತೆ ನಮ್ಮ ದೊಡ್ಡಪ್ಪ ನೆಗಡಿಗೆ ಅಂಗಡಿ ಗುಳಿಗೆ ನುಂಗಿ ಮೂತ್ರ ಪೂರ್ತಿ ಕಟ್ಟಿಹೋಗಿ, ಮಧ್ಯರಾತ್ರಿ ಘಾಟಿ ಮಳೇಲಿ ಕರ್ಕೊಂಡ್ಹೋಗಿ ಕ್ಯಾತಿಟರ್ ಹಾಕಿಸಬೇಕಾಯ್ತು, ಆ ಒದ್ದಾಟ ನೋಡಕ್ಕಾಗಲ್ಲ. ನೆಗಡಿ ಗುಳಿಗೆ ಕೇಳದೆ ಕೊಡಬೇಡಿ.

ತೋಟದಮನೆ, ತೀರ್ಥಹಳ್ಳಿ
ತುಂಬಾ ಉಪಕಾರ ಆಯ್ತು. ಬಸಿಗಾಲುವೆ ಲೆಕ್ಕ ಹೇಳಿದ ಮೇಲೆ ಅಪ್ಪಯ್ಯ ಸುಮ್ಮನಾಗಿ ಗುಳಿಗೆ ತಗೊಂಡ್ರು. ದಿನಾ ತೆಗೆದುಕೊಡೋದು ನನ್ನ ಹೆಂಡತಿ, ಅವಳಿಗೀಗ ನಾಲ್ಕು ತಿಂಗಳು.

ಸಾಗರದವಳು
ಅಯ್ಯೋ, ಇವತ್ತಿಂದ ನೀವೇ ಕೊಡಿ! ಡುಟಾಸ್ಟರೈಡ್ ಚರ್ಮದ ಮೂಲಕವೂ ಒಳಗೆ ಹೋಗತ್ತೆ, ಹೊಟ್ಟೇಲಿರೋದು ಗಂಡು ಮಗುವಾದ್ರೆ ಅದರ ಜನನಾಂಗ ಬೆಳೆಯಕ್ಕೆ ಇದೇ ಡಿಎಚ್‌ಟಿ ಬೇಕು. ಒಡೆದ ಕ್ಯಾಪ್ಸೂಲ್ ಅವರ ಕೈಗೆ ತಾಗಿದ್ರೆ ತಕ್ಷಣ ಸೋಪು ನೀರಲ್ಲಿ ತೊಳೀಲಿ, ಡಾಕ್ಟರ್‌ಗೂ ಒಂದು ಮಾತು ಹೇಳಿ.