ಅಪ್‌ಡೇಟ್: ನಮ್ಮ ಕರಿಯನ ನೀರಡಿಕೆಗೆ ಕಾರಣ ಸಿಕ್ತು

12 ವರ್ಷದ ನಮ್ಮ ಬೆಕ್ಕು ಕರಿಯ ದಿನವಿಡೀ ನೀರು ಕುಡೀತಾನೆ, ಪದೇ ಪದೇ ಉಚ್ಚೆ ಹೊಯ್ತಾನೆ, ಯಾಕೆ ಅಂತ ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಮೊದಲು ರಾಯಚೂರಿನ ಬಿಸಿಲಿಗಿರಬೇಕು ಅಂತ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದೆನಲ್ಲ ಅನ್ನೋ ಸಂಕಟ ನನಗೆ ಇನ್ನೂ ಇದೆ. ಕುಡಿಯೋ ನೀರು ಅಳೆದು ನೋಡಿ ಅಂತ ನೀವು ಹೇಳಿದ್ರಿ, ಅಳೆದೆ: 4 ಕೆ.ಜಿ. ಬೆಕ್ಕು, ದಿನಕ್ಕೆ 450 ಎಂ.ಎಲ್. ನೀರು! ಕೆ.ಜಿ.ಗೆ 100 ದಾಟಿದರೆ ಅತಿಯಂತೆ.

ಬಚ್ಚಲಲ್ಲಿ ಉಚ್ಚೆಗೆ ಇರುವೆ ಮುತ್ತಿದ್ದನ್ನ ಹೇಳಿದ ಕೂಡಲೇ ಡಾಕ್ಟ್ರು ರಕ್ತ, ಮೂತ್ರ ಎರಡೂ ತಗೊಂಡ್ರು. ಹೆದರಿದ ಬೆಕ್ಕಿಗೆ ರಕ್ತದಲ್ಲಿ ಸಕ್ಕರೆ ಹಾಗೇ ಏರುತ್ತಂತೆ, ಅದಕ್ಕೇ ಮೂತ್ರವೂ ಬೇಕು. ಎರಡರಲ್ಲೂ ಸಕ್ಕರೆ ಇತ್ತು, ಅಂದ್ರೆ ಸಕ್ಕರೆ ಕಾಯಿಲೆ; ಪುಣ್ಯಕ್ಕೆ ಕಿಡ್ನಿ ಸರಿಯಿದೆ.

ಈಗ 12 ತಾಸಿಗೊಮ್ಮೆ ಇನ್ಸುಲಿನ್, ಹಾಲು-ಅನ್ನ ಬಂದ್. ಉಣ್ಣದಿದ್ದ ದಿನ ಡಾಕ್ಟ್ರನ್ನ ಕೇಳದೆ ಸೂಜಿ ಚುಚ್ಚಲ್ಲ. ಇದೇ ಕಾಯಿಲೆಯಿಂದ ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೀತಿದ್ದವನು ನಿನ್ನೆ ಕಟ್ಟೆ ಹತ್ತಿ ಕೂತಿದ್ದ. ಕಣ್ತುಂಬಿ ಬಂತು.