ನೀರಂಟದ ಮೈಗೆ ಏನನ್ನೋಣ?

ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ. ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗಾಗಿ ನ್ಯಾನೊ ಲೇಪಗಳ (ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳಿರುವ ಲೇಪಗಳ) ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ನೀರು ಅಂಟಿಕೊಳ್ಳದ ಮೇಲ್ಮೈಗೆ ಇಂಗ್ಲಿಷಿನಲ್ಲಿ 'ಹೈಡ್ರೋಫೋಬಿಕ್' ಎನ್ನುತ್ತಾರಲ್ಲ, ಅದಕ್ಕೆ ಕನ್ನಡ ಪದ ಹುಡುಕುವಲ್ಲಿ ಪೆನ್ನು ನಿಂತಿದೆ.

ಮೊದಲು 'ಜಲಭೀತಿಯ' ಎಂದು ಬರೆದಿದ್ದೆ. ಗ್ರೀಕಿನಲ್ಲಿ ಹೈಡ್ರೋ ಅಂದರೆ ನೀರು, ಫೋಬೋಸ್ ಅಂದರೆ ಹೆದರಿಕೆ. ಅಣ್ಣನ ಮಗಳು ಓದಿ, "ಚಿಕ್ಕಪ್ಪಾ, ಇದು ಹುಚ್ಚುನಾಯಿ ಕಚ್ಚಿದರೆ ಬರುವುದಲ್ವಾ?" ಎಂದಳು. ಹೊಡೆದು ಹಾಕಿದೆ. 'ಜಲವಿಕರ್ಷಕ' ಅಂದರೆ ನೀರನ್ನು ದೂಡುತ್ತದೆ ಅಂತಾಯಿತು. ಅಲ್ಲಿ ದೂಡುವವರು ಯಾರೂ ಇಲ್ಲ. ನೀರಿನ ಕಣಗಳಿಗೆ ಮೇಣದಂಥ ಮೈಗಿಂತ ತಮ್ಮತಮ್ಮಲ್ಲೇ ಸೆಳೆತ ಜಾಸ್ತಿ, ಅಷ್ಟೇ.

ಪತ್ರೊಡೆಗೆ ಕೆಸುವಿನ ಎಲೆ ಕೊಯ್ದವರಿಗೆಲ್ಲ ಈ ವಿಷಯ ಗೊತ್ತು. ಹನಿ ಮುತ್ತಿನ ಹಾಗೆ ಉರುಳುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಎಲೆಯ ಮೈತುಂಬ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲೆ ನ್ಯಾನೊ ಅಳತೆಯ ಮೇಣದ ಹರಳುಗಳು. ಸಂದಿನಲ್ಲಿ ಗಾಳಿ ಸಿಕ್ಕಿಕೊಂಡು, ಹನಿ ಹೆಚ್ಚುಕಡಿಮೆ ಗಾಳಿಯ ಮೇಲೆಯೇ ಕೂರುತ್ತದೆ. ಉರುಳುವಾಗ ಧೂಳನ್ನೂ ಒಯ್ಯುತ್ತದೆ. ತಾವರೆ ಎಲೆಯ ಇದೇ ಗುಣವನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರಿಸಿದರು. ತನ್ನನ್ನು ತಾನೇ ತೊಳೆದುಕೊಳ್ಳುವ ಗೋಡೆ ಬಣ್ಣ, ಸೋಲಾರ್ ಪ್ಯಾನೆಲಿನ ಗಾಜಿನ ಲೇಪ ಇವುಗಳಲ್ಲಿ ಕೆಲವು ಇದೇ ದಾರಿಯವು. (ಇಂಥ ಲೇಪಗಳಿಗೆ ಬಳಸುವ ಕೆಲವು ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲಿ ಒಡೆದು ನಾಶವಾಗದೆ ಬಹುಕಾಲ ಉಳಿದುಬಿಡುತ್ತವೆ. ಕೆಸುವಿಗೆ ಆ ತಕರಾರಿಲ್ಲ!)

'ಕೆಸುವಿನೆಲೆಯ ಮೇಲಿನ ನೀರು' ಎಂಬ ಮಾತಂತೂ ಇದ್ದೇ ಇದೆ. ನೆರೆಯ ಮಲಯಾಳಿಗಳೂ 'ಚೇಂಬಿಲ'ದ ನೀರು ಎನ್ನುತ್ತಾರೆ. ಹಾಗಾಗಿ ಪದವೂ ತೋಟದಲ್ಲೇ ಸಿಗಬೇಕು ಅನ್ನಿಸಿತು. ಅಡಿಕೆಗೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವವರು ಅಂಟು ಸೇರಿಸದಿದ್ದರೆ 'ಮದ್ದು ಹಿಡಿಯುವುದಿಲ್ಲ' ಎನ್ನುತ್ತಾರೆ. 'ನೀರು ಹಿಡಿಯದ' ಎಂದು ಬರೆದೆ. ಆದರೆ ನೀರು ಹಿಡಿಯದ ಮಣ್ಣು ಅಂದರೆ ನೀರು ನಿಲ್ಲದೆ ಇಳಿದುಹೋಗುವ ಮಣ್ಣು. ಅದೂ ಕೆಟ್ಟಿತು.

ಈಗ ಉಳಿದದ್ದು 'ನೀರಂಟದ ಮೈ'. ಮೇಲ್ಮೈಗೆ ಬರೀ 'ಮೈ' ಸಾಕು ಎಂದು ನನ್ನ ಅಭಿಪ್ರಾಯ. ಇದು ವಾಟರ್‌ಪ್ರೂಫ್‌ನಿಂದಲೂ ಬೇರೆಯಾಗಿ ನಿಲ್ಲುತ್ತದೆ: ಗೊರಬಿನೊಳಗೆ (ಮಳೆಗೆ ಹೊದೆಯುವ ಎಲೆಯ ಹೊದಿಕೆ) ಮಳೆ ಇಳಿಯುವುದಿಲ್ಲ, ಆದರೆ ಗೊರಬು ಸ್ವತಃ ಚಂಡಿ (ಒದ್ದೆ) ಆಗುತ್ತದೆ.

ತೊಡಕು ಎರಡು. ಹನಿಯ ಅಂಚು ಮೈಯನ್ನು ಮುಟ್ಟುವಲ್ಲಿ ಹನಿಯ ಒಳಬದಿಯಿಂದ ಅಳೆಯುವ ಕೋನ 150 ಡಿಗ್ರಿ ದಾಟಿದರೆ 'ಸೂಪರ್‌ಹೈಡ್ರೋಫೋಬಿಕ್' ಎನ್ನುತ್ತಾರೆ. ಅದಕ್ಕೆ 'ಕಡುನೀರಂಟದ' ಅಂದರೆ ಕಡುನೀರು ಯಾವುದು ಅಂತ ಕೇಳುತ್ತಾರೆ. 'ನೀರುರುಳು ಮೈ' ಆದೀತೇ? ಇನ್ನು ಆ ಗುಣಕ್ಕೆ ನಾಮಪದ ಬೇಕು. 'ನೀರಂಟದಿಕೆ' ನನ್ನ ಬಾಯಿಗೇ ಹತ್ತುತ್ತಿಲ್ಲ. ಘಟ್ಟದ ಮೇಲಿನವರು ಕೆಸುವಿನೆಲೆಯ ನೀರಿಗೆ ಯಾವ ಕ್ರಿಯಾಪದ ಬಳಸುತ್ತೀರಿ?