ಸಹಾಯ ಬೇಕು: ದೊಡ್ಡ ಮೋಟಾರಿಗೂ ಚಿಕ್ಕದಕ್ಕೂ ಒಂದೇ ಸ್ಟೀರಿಂಗ್

ಎಲ್ಲರಿಗೂ ನಮಸ್ಕಾರ. ನನ್ನ ದೋಣಿಯ ಹಿಂಭಾಗದಲ್ಲಿ 90 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಡೆ ಕಟ್ಟುವ ಮೋಟಾರು) ಇದೆ, ಪಕ್ಕದಲ್ಲೇ 8 ಎಚ್‌ಪಿಯ ಚಿಕ್ಕ ಮೋಟಾರು. ನಿಧಾನವಾಗಿ ಸಾಗುತ್ತಾ ಮೀನು ಹಿಡಿಯುವಾಗ ಚಿಕ್ಕದನ್ನೇ ಓಡಿಸುತ್ತೇನೆ. ಆದರೆ ಅದರ ಹಿಡಿಕೆ ಹಿಡಿದು ಹಿಂದೆಯೇ ಕೂರಬೇಕು. ಮುಂದೆ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ.

ಎರಡನ್ನೂ ಒಂದು ರಾಡ್‌ನಿಂದ ಜೋಡಿಸಿ, ಮುಂದಿನ ಸ್ಟೀರಿಂಗ್‌ನಿಂದಲೇ ತಿರುಗಿಸಬೇಕು ಅಂತಿದ್ದೇನೆ. ಎರಡೂ ತುದಿಗೆ ಬಾಲ್ ಜಾಯಿಂಟ್ (ಬೇರೆ ಬೇರೆ ದಿಕ್ಕಿಗೆ ಹೊರಳುವ ಗುಂಡು ಕೀಲು) ಬೇಕು, ಅದು ಗೊತ್ತು. ತೊಡಕಿರುವುದು ಮೋಟಾರು ಎತ್ತುವಾಗ. ಜೋರಾಗಿ ಹೋಗುವಾಗ ಚಿಕ್ಕದು ನೀರಿಂದ ಮೇಲಿರಬೇಕು, ದೊಡ್ಡದು ಕೆಳಗೆ. ಆಗ ರಾಡ್ ಓರೆಯಾಗಿ ಬಿಗಿದುಕೊಂಡರೆ ಸ್ಟೀರಿಂಗೇ ಸಿಕ್ಕಿಹಾಕಿಕೊಳ್ಳುತ್ತದೆ ಅಲ್ವಾ? ಆ ವೇಗದಲ್ಲಿ ಹಾಗಾದರೆ ಜೀವಕ್ಕೇ ಅಪಾಯ. ಅದಕ್ಕೇ ಸುಲಭವಾಗಿ ಕಳಚುವ ಪಿನ್ ಇರುವ ರಾಡ್ ಹುಡುಕುತ್ತಿದ್ದೇನೆ.

ಇನ್ನೊಂದು ವಿಷಯ. ರಾಡ್ ಕಟ್ಟುವ ಜಾಗ ಎರಡು ಮೋಟಾರಿನಲ್ಲೂ ತಿರುಗುವ ಅಚ್ಚಿನಿಂದ ಒಂದೇ ದೂರದಲ್ಲಿಲ್ಲ. ಹಾಗಾಗಿ ಒಂದು ಜಾಸ್ತಿ ತಿರುಗುತ್ತದೆ, ಇನ್ನೊಂದು ಕಡಿಮೆ. ದೊಡ್ಡದನ್ನು ನೀರಲ್ಲೇ ಬಿಟ್ಟರೆ ಅದೂ ಚುಕ್ಕಾಣಿಯಂತೆ ನೆರವಾಗುತ್ತದೆ, ನಿಜ. ಆದರೂ ಈ ವ್ಯತ್ಯಾಸ ಎಷ್ಟರವರೆಗೆ ಪರವಾಗಿಲ್ಲ?

ನನ್ನದು ಹೈಡ್ರಾಲಿಕ್ ಸ್ಟೀರಿಂಗ್ (ಎಣ್ಣೆಯ ಒತ್ತಡದಿಂದ ಮೋಟಾರು ತಿರುಗಿಸುವಂಥದ್ದು). ಹೀಗೆ ಜೋಡಿಸಿರುವವರು ರಾಡನ್ನು ಮೋಟಾರಿನ ಮುಂದೆ ಕಟ್ಟಿದ್ದೀರಾ, ಹಿಂದೆಯಾ? ಫೋಟೊ ಇದ್ದರೆ ದಯವಿಟ್ಟು ಹಾಕಿ.